ಸಂಕಲ್ಪವೂ ಕೀಲಿಮಣೆಯೂ

ಗಣಕಯಂತ್ರದ ಕೀಲಿಮಣೆಯ ಮೇಲೆ ಅಕ್ಷರಗಳು ಅಚ್ಚಾಗಿದ್ದರೂ ಕೀಲಿಗಳ ಒಳಗೆ ಯಾವ ಅಕ್ಷರವೂ ಇರುವುದಿಲ್ಲ. ಬೆರಳು ಒಂದು ಕೀಲಿಯನ್ನು ಒತ್ತಿದಾಗ ಯಂತ್ರಕ್ಕೆ ತಲುಪುವುದು ಆ ಕೀಲಿ ಇರುವ ಜಾಗವನ್ನು ಸೂಚಿಸುವ ಒಂದು ಸಂಖ್ಯೆ ಮಾತ್ರ. 1981ರ ಐಬಿಎಂ ಪಿಸಿಯಿಂದ ನಡೆದುಬಂದ ಎಣಿಕೆಯಲ್ಲಿ, ಇಂಗ್ಲಿಷಿನ ಕೆ ಎಂದು ಅಚ್ಚಾದ ಕೀಲಿಯನ್ನು ಒತ್ತಿದರೆ 37 ಎಂಬ ಸಂಖ್ಯೆಯೂ ಬೆರಳನ್ನು ಎತ್ತಿದರೆ ಅದಕ್ಕೆ 128 ಸೇರಿಸಿದ 165 ಎಂಬ ಸಂಖ್ಯೆಯೂ ಹೊರಡುತ್ತದೆ. ಆ 37 ಇಂಗ್ಲಿಷಿನ ಕೆ ಆಗಬೇಕೋ, ಕನ್ನಡದ ಕ ಆಗಬೇಕೋ, ದೇವನಾಗರಿಯ ಕಕಾರ ಆಗಬೇಕೋ ಎಂಬುದನ್ನು ತೀರ್ಮಾನಿಸುವುದು ಯಂತ್ರವು ಎಚ್ಚೆತ್ತುಕೊಳ್ಳುವಾಗ ತನ್ನ ಮುಂದೆ ಹರಡಿಕೊಂಡ ಒಂದು ಕೋಷ್ಟಕ, ಬಳಕೆಯ ಮಾತಿನಲ್ಲಿ ಲೇಔಟ್, ಪುಸ್ತಕದ ಮಾತಿನಲ್ಲಿ ವಿನ್ಯಾಸ. ದೆಹಲಿಯ ಒಂದು ಕನ್ನಡ ಮನೆಯಲ್ಲಿ ಬೆಳಗ್ಗೆ ಕಂಪ್ಯೂಟರು ಶುರುವಾಗುವಾಗ ಈ ಕೋಷ್ಟಕಗಳಲ್ಲಿ ಯಾವುದು ಮೊದಲು ಬರಬೇಕು ಎಂಬುದು ಎರಡು ನಿಮಿಷದ ಹೊಂದಾಣಿಕೆಯ ಕೆಲಸವೆಂದು ಕಂಡರೂ, ಅದರ ಅಡಿಯಲ್ಲಿರುವ ಪ್ರಶ್ನೆ ಚಿಕ್ಕದಲ್ಲ. ಎಚ್ಚರಾಗುವ ಮೊದಲ ಕ್ಷಣದಲ್ಲಿ ಇರುವ ಸ್ಥಿತಿ ಸ್ವಭಾವವೋ, ಯಾರದೋ ಇಚ್ಛೆಯ ಫಲವೋ ಎಂಬ ಆ ಪ್ರಶ್ನೆಯನ್ನು ದರ್ಶನಗಳು ಮನುಷ್ಯನನ್ನು ಕುರಿತು ಬಹಳ ಹಿಂದೆಯೇ ಕೇಳಿವೆ.

ಪದಕ್ಕೂ ಅರ್ಥಕ್ಕೂ ಇರುವ ನಂಟು ಎಂಥದು ಎಂಬ ವಾದದಿಂದ ಆರಂಭಿಸುವುದು ಸೂಕ್ತ. ಜೈಮಿನಿಯ ಮೀಮಾಂಸಾಸೂತ್ರಗಳು ಆ ನಂಟನ್ನು ಔತ್ಪತ್ತಿಕ ಎಂದು ಕರೆದವು. ಯಾರೋ ಒಂದು ದಿನ ಕುಳಿತು ಮಾಡಿದ್ದಲ್ಲದ, ಪದದೊಡನೆ ಎಂದಿನಿಂದಲೂ ಇರುವ ಸಂಬಂಧ ಎಂದು ಅದರ ಅರ್ಥ. ಗೌತಮನ ನ್ಯಾಯಸೂತ್ರಗಳು ತಮ್ಮ ಎರಡನೆಯ ಅಧ್ಯಾಯದಲ್ಲಿ ಇದನ್ನು ಒಪ್ಪದೆ, ಪದದಿಂದ ಅರ್ಥ ತಿಳಿಯುವುದು ಸಮಯದಿಂದ, ಅಂದರೆ ಇಂಥ ಪದಕ್ಕೆ ಇಂಥ ಅರ್ಥವೆಂಬ ಒಪ್ಪಂದದಿಂದ, ಎಂದು ಹೇಳಿದವು. ಸಮಯ ಎಂಬ ಮಾತಿಗೆ ಹಳೆಯ ಕನ್ನಡದಲ್ಲಿ ಮತ, ಧರ್ಮ ಎಂಬ ಅರ್ಥವೂ ಇದೆ. 12ನೆಯ ಶತಮಾನದ ಬ್ರಹ್ಮಶಿವ ತನ್ನ ಕೃತಿಗೆ ಸಮಯಪರೀಕ್ಷೆ ಎಂದು ಹೆಸರಿಟ್ಟದ್ದು ಆ ಅರ್ಥದಲ್ಲಿಯೇ, ಮತ್ತು ಒಂದು ಒಪ್ಪಂದಕ್ಕೆ ಕಟ್ಟುಬಿದ್ದವರ ಗುಂಪೇ ಒಂದು ಮತವಾಗುತ್ತದೆ ಎಂಬ ತಿಳಿವು ಆ ಪದದೊಳಗೆ ಅಡಗಿದೆ. ನೈಯಾಯಿಕರು ಮೂಲ ಒಪ್ಪಂದವನ್ನು ಈಶ್ವರನ ಇಚ್ಛೆಗೆ ಬಿಟ್ಟರು; ಆಮೇಲೆ ಮನುಷ್ಯರು ತಮ್ಮ ಶಾಸ್ತ್ರಗಳ ಅನುಕೂಲಕ್ಕೆ ಮಾಡಿಕೊಂಡ ಸಂಕೇತಗಳನ್ನು ಪರಿಭಾಷೆ ಎಂದು ಬೇರೆಯಾಗಿ ಇಟ್ಟರು. ಕೀಲಿಗೂ ಅಕ್ಷರಕ್ಕೂ ಇರುವ ನಂಟು ಈ ಎರಡನೆಯ ಬಗೆಯದು, ಸಂಪೂರ್ಣವಾಗಿ ಮನುಷ್ಯಕೃತವಾದದ್ದು. ಅದನ್ನು ಮಾಡಿದವರು ಯಾರು, ಎಲ್ಲಿ, ಯಾವ ವರ್ಷದಲ್ಲಿ ಎಂಬುದನ್ನೂ ಹೇಳಬಹುದು.

ಕನ್ನಡದ ಮಟ್ಟಿಗೆ ಆ ಒಪ್ಪಂದಗಳಲ್ಲಿ ಒಂದು ಆದದ್ದು ದೆಹಲಿಯಲ್ಲಿ. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು 1986ರಲ್ಲಿ ಭಾರತೀಯ ಲಿಪಿಗಳಿಗೆ ಸಮಾನವಾದ ಒಂದು ಕೀಲಿಮಣೆಯನ್ನು ರೂಪಿಸಿತು. ಇನ್‌ಸ್ಕ್ರಿಪ್ಟ್ ಎಂದು ಹೆಸರಾದ ಆ ವಿನ್ಯಾಸವನ್ನು ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಇಸ್ಕಿ ಎಂಬ ಲಿಪಿಸಂಕೇತದ ಮಾನಕದೊಳಗೆ, 13194 ಎಂಬ ಸಂಖ್ಯೆಯಡಿ, ಸೇರಿಸಿಕೊಂಡಿತು. ಬ್ಯೂರೋದ ಕೇಂದ್ರ ಕಚೇರಿಯಾದ ಮಾನಕ ಭವನ ಬಹದ್ದೂರ್ ಷಾ ಜಫರ್ ಮಾರ್ಗದಲ್ಲಿದೆ. ಇಲಾಖೆಯ ಉತ್ತರಾಧಿಕಾರಿಯಾದ ಸಚಿವಾಲಯದ ಎಲೆಕ್ಟ್ರಾನಿಕ್ಸ್ ನಿಕೇತನ ಲೋಧಿ ರಸ್ತೆಯ ಸರ್ಕಾರಿ ಸಂಕೀರ್ಣದಲ್ಲಿದೆ, ಮತ್ತು ಲೋಧಿ ಎಸ್ಟೇಟ್‌ನ ದೆಹಲಿ ಕನ್ನಡ ಶಾಲೆ ಅಲ್ಲಿಂದ ಬಹು ದೂರವೇನಲ್ಲ. ಈ ವಿನ್ಯಾಸದ ತತ್ತ್ವವು ವರ್ಣಮಾಲೆಯದೇ ತತ್ತ್ವವಾಗಿದೆ. ಎಡಗೈಗೆ ಸ್ವರಗಳು, ಬಲಗೈಗೆ ವ್ಯಂಜನಗಳು. ಅಲ್ಪಪ್ರಾಣವು ನೇರವಾಗಿ ಒತ್ತಿದರೆ ಬರುತ್ತದೆ, ಅದರ ಮಹಾಪ್ರಾಣವು ಅದೇ ಕೀಲಿಯನ್ನು ಶಿಫ್ಟ್ ಹಿಡಿದು ಒತ್ತಿದರೆ. ಸ್ವರಚಿಹ್ನೆ ನೇರವಾಗಿ, ಪೂರ್ಣಸ್ವರ ಶಿಫ್ಟಿನೊಡನೆ. ಎಡಗೈಯ ನಡುಬೆರಳಿನ ಕೆಳಗೆ, ಬೆರಳುಗಳು ವಿಶ್ರಮಿಸುವ ಸಾಲಿನಲ್ಲಿಯೇ, ಒತ್ತಕ್ಷರವನ್ನು ಕಟ್ಟುವ ಅರ್ಧಾಕ್ಷರದ ಚಿಹ್ನೆ. ಒಂಬತ್ತು ಲಿಪಿಗಳನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸಲು ಸಾಧ್ಯವಾದದ್ದು ಆ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳಾದ್ದರಿಂದ ಮತ್ತು ಪ್ರಾಚೀನ ಶಿಕ್ಷಾಕಾರರು ವರ್ಣಗಳನ್ನು ಅವು ಹುಟ್ಟುವ ಸ್ಥಾನ, ಪ್ರಯತ್ನಗಳ ಕ್ರಮದಲ್ಲಿ ಜೋಡಿಸಿಟ್ಟಿದ್ದರಿಂದ.

ದೆಹಲಿಯ ಕನ್ನಡ ಮನೆಗೆ ಈ ವಿನ್ಯಾಸವು ಕೊಡುವ ಲಾಭವು ಬೆಂಗಳೂರಿನ ಮನೆಗೆ ಅಷ್ಟು ಸುಲಭವಾಗಿ ಕಾಣುವಂಥದಲ್ಲ. ಆ ಮನೆಯ ಮಗು ಶಾಲೆಯಲ್ಲಿ ಹಿಂದಿಯನ್ನು ಕಲಿಯುತ್ತದೆ, ಮನೆಯಲ್ಲಿ ಕನ್ನಡವನ್ನು ಕೇಳುತ್ತದೆ; ಇನ್‌ಸ್ಕ್ರಿಪ್ಟಿನಲ್ಲಿ ಅದರ ಬಲಗೈಯ ನಡುಬೆರಳು ಒಂದೇ ಕೀಲಿಯನ್ನು ಒತ್ತಿ, ಹಿಂದಿಯ ಕೋಷ್ಟಕ ತೆರೆದಿದ್ದಾಗ ದೇವನಾಗರಿಯ ಕಕಾರವನ್ನೂ ಕನ್ನಡದ ಕೋಷ್ಟಕ ತೆರೆದಿದ್ದಾಗ ಕನ್ನಡದ ಕಕಾರವನ್ನೂ ಬರೆಯುತ್ತದೆ. ಬೆರಳಿಗೆ ಗೊತ್ತಿರುವುದು ಕಂಠದಲ್ಲಿ ಹುಟ್ಟುವ, ಅಘೋಷವಾದ, ಅಲ್ಪಪ್ರಾಣವಾದ ಒಂದು ವರ್ಣ. ಅದು ಯಾವ ಲಿಪಿಯ ಉಡುಗೆಯಲ್ಲಿ ಕಾಣಿಸಿಕೊಳ್ಳಬೇಕು ಎಂಬುದು ಆಮೇಲಿನ ಮಾತು. ವಾಕ್ಯಪದೀಯವನ್ನು ಬರೆದ ಭರ್ತೃಹರಿಯು ಅಖಂಡವಾದ ಸ್ಫೋಟಕ್ಕೂ ಅದನ್ನು ವ್ಯಕ್ತಪಡಿಸುವ, ವೇಗದಲ್ಲಿ ಸ್ವರದಲ್ಲಿ ಆಳಿನಿಂದಾಳಿಗೆ ಬದಲಾಗುವ ಧ್ವನಿಗೂ ಭೇದವನ್ನು ಮಾಡಿದ್ದನು. ಸ್ಫೋಟ ಎಂದರೆ ಒಡೆದು ತೋರುವ ಅರ್ಥವಾಹಕವಾದ ಶಬ್ದತತ್ತ್ವ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಈ ಸ್ಫೋಟವನ್ನು ಒಪ್ಪದೆ, ಉಪವರ್ಷನ ಮತವನ್ನು ಅನುಸರಿಸಿ, ವರ್ಣಗಳೇ ಶಬ್ದ, ಮತ್ತೆ ಮತ್ತೆ ಉಚ್ಚರಿಸಿದಾಗ ಅದೇ ವರ್ಣವೆಂದು ಗುರುತು ಹತ್ತುವುದರಿಂದ ಅವು ಸ್ಥಿರವಾದವು, ಎಂದು ವಾದಿಸಿದರು. ಎರಡು ಲಿಪಿಗಳಲ್ಲಿ ಒಂದೇ ಕೀಲಿಯಿಂದ ಬರೆಯುವ ಮಗುವಿನ ಬೆರಳು ಶಂಕರರ ಪಕ್ಷಕ್ಕೆ ಹೆಚ್ಚು ಹತ್ತಿರವಾಗಿದೆ ಎಂದು ತೋರುತ್ತದೆ, ಏಕೆಂದರೆ ಅಲ್ಲಿ ಇಡಿಯಾದ ಪದವೂ ವಾಕ್ಯವೂ ಬರುವ ಮೊದಲೇ ಒಂದೊಂದು ವರ್ಣವೂ ತನ್ನ ಗುರುತಿನಿಂದ ನಿಂತಿರುತ್ತದೆ.

ಆದರೆ ಈ ಸಮಾನತೆಯ ಒಳಗೆ ಕನ್ನಡಕ್ಕೆ ಆದ ಒಂದು ಅನ್ಯಾಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸಂಸ್ಕೃತ, ಹಿಂದಿಗಳಲ್ಲಿ ಏ, ಓ ಸ್ವರಗಳು ದೀರ್ಘವಾಗಿಯೇ ಇರುವುದರಿಂದ ಅವುಗಳ ಚಿಹ್ನೆಗಳಿಗೆ ಬೆರಳು ವಿಶ್ರಮಿಸುವ ಸಾಲಿನಲ್ಲಿ ಜಾಗ ಸಿಕ್ಕಿತು. ಕನ್ನಡದಲ್ಲಿ ಹೆಜ್ಜೆಹೆಜ್ಜೆಗೂ ಬೇಕಾಗುವ ಹ್ರಸ್ವ ಎ, ಒ ಸ್ವರಗಳು ಎಡಗಡೆಯ ಎರಡು ಮೂಲೆಗಳಿಗೆ ಸರಿದವು, ಒಂದು ಕೆಳಗೆ, ಇನ್ನೊಂದು ಮೇಲೆ ಒಂದರ ಅಂಕಿಯ ಪಕ್ಕಕ್ಕೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕನ್ನಡದ ಶುದ್ಧ ವರ್ಣಗಳನ್ನು 47 ಎಂದು ಎಣಿಸುವಾಗ ದೇಶೀಯ, ಅಂದರೆ ಈ ನೆಲದವು, ಎಂದು ಗುರುತಿಸಿದ ಐದು ಅಕ್ಷರಗಳಲ್ಲಿ ಈ ಎರಡೂ ಸೇರಿವೆ. ಎಲ್ಲರಿಗೂ ಒಂದೇ ಎಂಬ ನಿಯಮವನ್ನು ಕಟ್ಟುವಾಗ ದೇಶೀಯವಾದದ್ದೇ ಮೂಲೆಗೆ ಹೋಗುವುದು ಹೊಸತಲ್ಲವಾದರೂ ಒಪ್ಪತಕ್ಕದ್ದೂ ಅಲ್ಲ. ಕರ್ನಾಟಕದಲ್ಲಿ ಬೇರೊಂದು ಸಮಯ ಬೇರೂರಿತು: ಕೆ. ಪಿ. ರಾಯರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲಿ ಹರಡಿದ ಆ ವಿನ್ಯಾಸವು ರೋಮನ್ ಅಕ್ಷರದ ಉಚ್ಚಾರವನ್ನು ಅನುಸರಿಸಿ ಕನ್ನಡದ ವರ್ಣವನ್ನು ಇಡುತ್ತದೆ, ಮತ್ತು ಅಲ್ಲಿ ಒತ್ತಕ್ಷರ ಕಟ್ಟುವ ಕೆಲಸ ಎಫ್ ಕೀಲಿಯದು. ಇನ್‌ಸ್ಕ್ರಿಪ್ಟಿನಲ್ಲಿ ಅದೇ ಎಫ್ ಕೀಲಿಯು ಇಕಾರದ ಗುಡಿಸನ್ನು ಹಾಕುತ್ತದೆ. ಬೆಂಗಳೂರಿನಲ್ಲಿ ಕಲಿತ ತಂದೆಯೂ ದೆಹಲಿಯಲ್ಲಿ ಕಲಿಯುವ ಮಗಳೂ ಒಂದೇ ಯಂತ್ರದ ಮುಂದೆ ಕುಳಿತರೆ, ಒಂದೇ ಒತ್ತು ಇಬ್ಬರಿಗೆ ಎರಡು ಫಲವನ್ನು ಕೊಡುತ್ತದೆ.

ಈಗ ಎಚ್ಚರದ ವಿಷಯಕ್ಕೆ ಬರಬಹುದು. ವಿದ್ಯುತ್ತು ಹರಿದೊಡನೆ ಕೀಲಿಮಣೆಯು ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಹಳೆಯ ಮಾದರಿಯ ಕೀಲಿಮಣೆಗಳಲ್ಲಿ ಮೂರು ದೀಪಗಳು ಒಮ್ಮೆ ಮಿನುಗಿ, ಪರೀಕ್ಷೆ ಸರಿಯಾದರೆ 170 ಎಂಬ ಸಂಖ್ಯೆಯನ್ನು ಅದು ಯಂತ್ರಕ್ಕೆ ಕಳುಹಿಸುತ್ತದೆ. ಆ ಹೊತ್ತಿಗೆ ಯಂತ್ರದ ಕ್ಷಣಿಕ ಸ್ಮೃತಿಯಲ್ಲಿ ಹಿಂದಿನ ದಿನದ ಏನೂ ಉಳಿದಿರುವುದಿಲ್ಲ. ಬಳಿಕ ಕಾರ್ಯವ್ಯವಸ್ಥೆಯು ಡಿಸ್ಕಿನಿಂದ ಎದ್ದು ಬಂದು, ತನಗಾಗಿ ಬರೆದಿಟ್ಟ ಕೆಲವು ಸಾಲುಗಳನ್ನು ಓದುತ್ತದೆ. ಲಿನಕ್ಸಿನ ಡೆಬಿಯನ್ ಮನೆತನದಲ್ಲಿ ಅದು ಕೀಬೋರ್ಡ್ ಎಂಬ ಹೆಸರಿನ ಒಂದು ಪುಟ್ಟ ಕಡತ, ವಿಂಡೋಸಿನಲ್ಲಿ ರಿಜಿಸ್ಟ್ರಿ ಎಂಬ ದೊಡ್ಡ ಉಗ್ರಾಣದ ಒಂದು ಮೂಲೆ. ಯಾವ ವಿನ್ಯಾಸ ಮೊದಲು, ಯಾವುದು ಎರಡನೆಯದು, ಒಂದರಿಂದ ಇನ್ನೊಂದಕ್ಕೆ ಹೋಗಲು ಯಾವ ಕೀಲಿಗಳನ್ನು ಕೂಡಿಸಿ ಒತ್ತಬೇಕು ಎಂಬುದೆಲ್ಲ ಅಲ್ಲಿಂದಲೇ ಬರುತ್ತದೆ.

ನಿದ್ದೆಯಿಂದ ಎದ್ದವನು ಮಲಗಿದವನೇ ಹೌದೇ ಎಂಬ ಪ್ರಶ್ನೆಯನ್ನು ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ಎರಡನೆಯ ಪಾದವು ನೇರವಾಗಿಯೇ ಎತ್ತಿಕೊಳ್ಳುತ್ತದೆ. ಸುಷುಪ್ತಿಯಲ್ಲಿ, ಅಂದರೆ ಕನಸಿಲ್ಲದ ಗಾಢ ನಿದ್ದೆಯಲ್ಲಿ, ಜೀವನು ಬ್ರಹ್ಮದಲ್ಲಿ ಒಂದಾಗುತ್ತಾನೆ ಎಂದಾದರೆ, ಕೆರೆಗೆ ಎಸೆದ ನೀರಿನ ಹನಿಯನ್ನು ಮತ್ತೆ ಅದೇ ಹನಿಯಾಗಿ ಎತ್ತಲಾಗದಂತೆ ಅದೇ ಜೀವನು ಹಿಂದಿರುಗುವುದು ಹೇಗೆ ಎಂಬುದು ಆಕ್ಷೇಪ. ಒಂಬತ್ತನೆಯ ಸೂತ್ರವು ನಾಲ್ಕು ಕಾರಣಗಳಿಂದ ಅದೇ ಜೀವನೇ ಏಳುತ್ತಾನೆ ಎನ್ನುತ್ತದೆ: ಅರ್ಧಕ್ಕೆ ಬಿಟ್ಟ ಕೆಲಸವನ್ನು ಅವನೇ ಮುಂದುವರಿಸುತ್ತಾನೆ, ನಿನ್ನೆ ಕಂಡವನು ತಾನೇ ಎಂದು ನೆನೆಯುತ್ತಾನೆ, ಶ್ರುತಿ ಹಾಗೆ ಹೇಳುತ್ತದೆ, ಹಾಗಲ್ಲದಿದ್ದರೆ ಕರ್ಮವನ್ನೂ ಜ್ಞಾನವನ್ನೂ ವಿಧಿಸುವ ಶಾಸ್ತ್ರವೆಲ್ಲ ವ್ಯರ್ಥವಾಗುತ್ತದೆ. ನೀರಿನ ಹನಿಯ ಗುರುತು ಹಿಡಿಯಲು ಏನೂ ಇಲ್ಲ, ಜೀವನನ್ನು ಬೇರ್ಪಡಿಸಲು ಅವನ ಕರ್ಮವೂ ಅವಿದ್ಯೆಯೂ ಇವೆ, ಮತ್ತು ನೀರಿನಲ್ಲಿ ಬೆರೆತ ಹಾಲನ್ನು ಹಂಸವು ಬೇರ್ಪಡಿಸುವುದೂ ಉಂಟು ಎಂಬುದು ಶಂಕರರ ಉತ್ತರ. ಮಧ್ವರು ಇದೇ ಅವಸ್ಥೆಗಳನ್ನು ಬೇರೆ ರೀತಿಯಲ್ಲಿ ಕಂಡರು; ಮಾಂಡೂಕ್ಯದ ವಿಶ್ವ, ತೈಜಸ, ಪ್ರಾಜ್ಞರು ಅವರ ಭಾಷ್ಯದಲ್ಲಿ ಎಚ್ಚರ, ಕನಸು, ನಿದ್ದೆಗಳನ್ನು ನಡೆಸುವ ವಿಷ್ಣುವಿನ ರೂಪಗಳು, ಆದ್ದರಿಂದ ಯಾವ ಜೀವನೂ ತಾನೇ ಏಳುವುದಿಲ್ಲ, ಎಬ್ಬಿಸಲ್ಪಡುತ್ತಾನೆ. ವಸಂತಕುಂಜದ ಪೇಜಾವರ ಮಠಕ್ಕೆ ಹೋಗಿಬರುವ ದೆಹಲಿಯ ಕನ್ನಡಿಗರಿಗೆ ಈ ಅಸ್ವಾತಂತ್ರ್ಯದ ಮಾತು ಅಪರಿಚಿತವಲ್ಲ.

ಯಂತ್ರಕ್ಕೆ ಈ ನಾಲ್ಕು ಕಾರಣಗಳಲ್ಲಿ ಮೊದಲನೆಯದು ಮಾತ್ರ ಒಂದು ಮಟ್ಟಿಗೆ ಸಲ್ಲುತ್ತದೆ. ಬಿಟ್ಟ ಕೆಲಸವನ್ನು ಅದು ಮುಂದುವರಿಸುತ್ತದೆ, ಆದರೆ ಅದು ತನ್ನದೆಂದು ನೆನೆಯುವುದಿಲ್ಲ. ಅನ್ನಂಭಟ್ಟನ ತರ್ಕಸಂಗ್ರಹವು ಸಂಸ್ಕಾರವನ್ನು ಮೂರು ಬಗೆಯಾಗಿ ಹೇಳುವುದು ಇಲ್ಲಿ ಆಶ್ಚರ್ಯವೆನಿಸುವಷ್ಟು ಚೆನ್ನಾಗಿ ಹೊಂದುತ್ತದೆ. ಮಡಚಿದ ಚಾಪೆಯನ್ನು ಮತ್ತೆ ಹಿಂದಿನ ಸ್ಥಿತಿಗೆ ತರುವ ಗುಣ ಸ್ಥಿತಿಸ್ಥಾಪಕ; ಎಸೆದ ವಸ್ತುವನ್ನು ಮುಂದೆ ಸಾಗಿಸುವುದು ವೇಗ; ಅನುಭವದಿಂದ ಹುಟ್ಟಿ ಸ್ಮೃತಿಗೆ ಕಾರಣವಾಗುವುದು ಭಾವನೆ. ಒತ್ತಿದ ಕೀಲಿಯು ಬೆರಳು ಎತ್ತಿದೊಡನೆ ಮೇಲಕ್ಕೆ ಬರುವುದು ಸ್ಥಿತಿಸ್ಥಾಪಕ. ಕಡತದಲ್ಲಿ ಬರೆದಿಟ್ಟ ಸಾಲು ಭಾವನೆಯಂತೆ ತೋರುತ್ತದೆ, ಆದರೆ ತಾರ್ಕಿಕರು ಭಾವನೆಯನ್ನು ಆತ್ಮನಲ್ಲಿ ಮಾತ್ರ ಇರುವ ಗುಣವೆಂದು ಖಚಿತವಾಗಿ ಹೇಳಿದ್ದಾರೆ, ಮತ್ತು ಆ ಖಚಿತತೆಯನ್ನು ಸಡಿಲಿಸಲು ಕಾರಣವಿಲ್ಲ. ಯಂತ್ರದಲ್ಲಿ ಉಳಿದಿರುವುದು ಆ ಮನೆಯವರ ಭಾವನೆಯ ಒಂದು ಬರಹ, ತಾಳೆಗರಿಯ ಮೇಲಿನ ಅಕ್ಷರದಂತೆ ಹೊರಗಿನದು.

ಬಳಕೆದಾರನು ತನ್ನ ಹೆಸರು ಹೇಳಿ ಒಳಗೆ ಬರುವ ಮೊದಲು ತೆರೆದುಕೊಳ್ಳುವ ಲಾಗಿನ್ ಪರದೆಯು ಈ ವಿಚಾರದಲ್ಲಿ ಅತ್ಯಂತ ಸೂಕ್ಷ್ಮವಾದ ತಾಣ. ಆ ಕ್ಷಣದಲ್ಲಿ ಯಂತ್ರದ ಮುಂದೆ ಕುಳಿತವರು ಯಾರೆಂದು ಯಂತ್ರಕ್ಕೆ ಗೊತ್ತಿರುವುದಿಲ್ಲ, ಆದರೂ ಕೀಲಿಮಣೆಗೆ ಯಾವುದಾದರೂ ಒಂದು ವಿನ್ಯಾಸ ಇರಲೇಬೇಕಾಗುತ್ತದೆ; ವಿಂಡೋಸಿನಲ್ಲಿ ಇದಕ್ಕೆಂದೇ ಡಿಫಾಲ್ಟ್ ಎಂಬ ಹೆಸರಿನ, ಯಾವ ಮನುಷ್ಯನಿಗೂ ಸೇರದ, ಒಂದು ಶಾಖೆಯಿದೆ. ಮನೆಯೊಡತಿಯು ತನ್ನ ಖಾತೆಯೊಳಗೆ ಕನ್ನಡವನ್ನು ಮೊದಲು ಮಾಡಿಕೊಂಡರೂ ಈ ಅನಾಮಿಕ ಶಾಖೆಯು ಹಳೆಯದನ್ನೇ ಹಿಡಿದುಕೊಂಡಿರಬಹುದು. ಗುಪ್ತಪದವನ್ನು ಒಂದು ವಿನ್ಯಾಸದಲ್ಲಿ ಇಟ್ಟು ಇನ್ನೊಂದರಲ್ಲಿ ತುಂಬಿಸಿದರೆ ಬಾಗಿಲು ತೆರೆಯುವುದಿಲ್ಲ; ಪರದೆಯ ಮೇಲೆ ಚುಕ್ಕಿಗಳು ಮಾತ್ರ ಕಾಣುವುದರಿಂದ ತಪ್ಪು ಎಲ್ಲಿದೆ ಎಂಬುದೂ ತಿಳಿಯುವುದಿಲ್ಲ. ಲಂಡನ್ನಿನಲ್ಲಿ ನೆಲೆಸಿದ ಕನ್ನಡ ಕುಟುಂಬಕ್ಕೂ ಇದು ಗೊತ್ತು, ಏಕೆಂದರೆ ಬ್ರಿಟಿಷ್ ವಿನ್ಯಾಸದಲ್ಲಿ ಎರಡರ ಅಂಕಿಯ ಮೇಲೆ ಉದ್ಧರಣ ಚಿಹ್ನೆಯೂ ಅಮೆರಿಕದ ವಿನ್ಯಾಸದಲ್ಲಿ ಅದೇ ಜಾಗದಲ್ಲಿ ಇಮೇಲಿನ ಅಟ್ ಚಿಹ್ನೆಯೂ ಇದೆ. ಬೆರಳು ತಪ್ಪಿಲ್ಲ, ನೆನಪು ತಪ್ಪಿಲ್ಲ. ಒಂದರ ಮೇಲೆ ಇನ್ನೊಂದನ್ನು ಅರಿವಿಲ್ಲದೆ ಹೊದಿಸಿದ್ದೇ ತಪ್ಪು, ಮತ್ತು ಅದ್ವೈತಿಗಳು ಅಧ್ಯಾಸ ಎಂದು ಕರೆದದ್ದು ಇಂಥ ಹೊದಿಕೆಯನ್ನೇ. ಅಧ್ಯಾಸವನ್ನು ಕಳೆಯುವುದು ಮತ್ತೊಂದು ಕರ್ಮದಿಂದ ಆಗದು, ತಿಳಿವಿನಿಂದ ಮಾತ್ರ ಆಗುತ್ತದೆ ಎಂಬ ಮಾತನ್ನು, ಅದೇ ಗುಪ್ತಪದವನ್ನು ಹತ್ತು ಸಲ ಒತ್ತಿ ಸೋತು ಕೊನೆಗೆ ಮೂಲೆಯ ಭಾಷಾಸೂಚಕದ ಕಡೆ ಕಣ್ಣು ಹಾಯಿಸಿದವರು ಸುಲಭವಾಗಿ ಒಪ್ಪುತ್ತಾರೆ.

ಅಂಗಡಿಯಿಂದ ಮನೆಗೆ ಬಂದ ಹೊಸ ಕಂಪ್ಯೂಟರು ಇಂಗ್ಲಿಷಿನಲ್ಲಿ ಎಚ್ಚರಗೊಳ್ಳುತ್ತದೆ, ಮತ್ತು ನೆಹರೂ ಪ್ಲೇಸಿನಲ್ಲಿ ಅದನ್ನು ಕೊಂಡ ಯಾರೂ ಅದನ್ನು ಒಂದು ಆಯ್ಕೆ ಎಂದು ಭಾವಿಸುವುದಿಲ್ಲ. ಯಂತ್ರದ ಸ್ವಭಾವವೇ ಹಾಗೆ ಎಂದುಕೊಳ್ಳುತ್ತಾರೆ. ಶ್ವೇತಾಶ್ವತರೋಪನಿಷತ್ತು ತನ್ನ ಆರಂಭದಲ್ಲಿಯೇ ಜಗತ್ತಿಗೆ ಕಾರಣ ಯಾವುದೆಂದು ಕೇಳಿಕೊಂಡು, ಕಾಲ, ಸ್ವಭಾವ, ನಿಯತಿ, ಯದೃಚ್ಛೆ ಮುಂತಾದವುಗಳನ್ನು ಒಂದೊಂದಾಗಿ ಮುಂದಿಟ್ಟು, ಅವು ಸಾಲವು ಎನ್ನುತ್ತದೆ. ಡಿಫಾಲ್ಟ್ ಎಂಬುದನ್ನು ಸ್ವಭಾವವೆಂದು ಹೇಳುವವರಿಗೆ ಅದೇ ಉತ್ತರ ಸಲ್ಲುತ್ತದೆ. ಆ ಸ್ಥಿತಿಯ ಹಿಂದೆ ಯಾವುದೋ ಊರಿನ ಯಾರೋ ತೆಗೆದುಕೊಂಡ ಒಂದು ನಿರ್ಧಾರವಿದೆ, ಮರೆತುಹೋದ್ದರಿಂದ ಅದು ಸ್ವಭಾವದ ವೇಷ ಹಾಕಿದೆ. ತನ್ನದಲ್ಲದ ಸಂಕಲ್ಪದಲ್ಲಿ ದಿನವೂ ಏಳುವವನು ಅದನ್ನು ತನ್ನ ಗುಣವೆಂದೇ ನಂಬತೊಡಗುವುದು ಯಂತ್ರಕ್ಕಿಂತ ಮನುಷ್ಯನಿಗೆ ಹೆಚ್ಚಿನ ಅಪಾಯ.

ಸಂಕಲ್ಪ ಎಂಬ ಮಾತನ್ನು ಇಲ್ಲಿ ಉಪಮೆಗಾಗಿ ಮಾತ್ರ ಬಳಸಿಲ್ಲ. ಪೂಜೆ, ವ್ರತ, ಶ್ರಾದ್ಧಗಳ ಆರಂಭದಲ್ಲಿ ಕರ್ತೃವು ನೀರನ್ನು ಕೈಯಲ್ಲಿ ಹಿಡಿದು, ತಾನು ಯಾವ ದ್ವೀಪದ ಯಾವ ವರ್ಷದ ಯಾವ ನದಿಯ ಯಾವ ದಡದಲ್ಲಿ, ಯಾವ ಸಂವತ್ಸರದ ಯಾವ ಮಾಸ, ಪಕ್ಷ, ತಿಥಿಯಲ್ಲಿ ಕುಳಿತಿದ್ದೇನೆ ಎಂದು ಹೇಳಿ, ಅನಂತರವೇ ಮಾಡಲಿರುವ ಕರ್ಮವನ್ನು ಹೆಸರಿಸುತ್ತಾನೆ. ಕರ್ನಾಟಕದ ಮನೆಗಳಲ್ಲಿ ರೂಢಿಯಾಗಿರುವ ಪಾಠವು ಗೋದಾವರಿಯ ದಕ್ಷಿಣ ತೀರವನ್ನು ಹೇಳುತ್ತದೆ. ದೆಹಲಿಗೆ ಬಂದ ಮನೆಯು ಅದನ್ನು ಹಾಗೆಯೇ ಹೇಳಿದರೆ ಸುಳ್ಳಾಗುತ್ತದೆ, ಆದ್ದರಿಂದ ಇಂದ್ರಪ್ರಸ್ಥವನ್ನೂ ಯಮುನೆಯನ್ನೂ ಹೆಸರಿಸಬೇಕಾಗುತ್ತದೆ, ಆಗಲೂ ನೋಯ್ಡಾದವರು ಪೂರ್ವ ದಡದವರು, ಗುರುಗ್ರಾಮದವರು ಪಶ್ಚಿಮದ ಕಡೆಯವರು. ಕಾಲದ ವಿಷಯ ಇನ್ನೂ ತೊಡಕಿನದು. ಕರ್ನಾಟಕದ ಪಂಚಾಂಗದಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ದೆಹಲಿಯ ಸುತ್ತಿನ ಪಂಚಾಂಗದಲ್ಲಿ ಹುಣ್ಣಿಮೆಗೆ. ಹಾಗಾಗಿ ಕೃಷ್ಣಾಷ್ಟಮಿಯ ಅದೇ ತಿಥಿಯು ಕನ್ನಡಿಗರಿಗೆ ಶ್ರಾವಣದ ಕೃಷ್ಣಪಕ್ಷದ್ದು, ಪಕ್ಕದ ಮನೆಯವರಿಗೆ ಭಾದ್ರಪದದ್ದು. ಒಂದೇ ಚಂದ್ರ, ಒಂದೇ ರಾತ್ರಿ, ಎರಡು ಹೆಸರು, ಮತ್ತು ಎರಡೂ ತಮ್ಮ ತಮ್ಮ ಕೋಷ್ಟಕದಲ್ಲಿ ಸರಿಯಾದವು. ದೇಶವನ್ನು ಇದ್ದಲ್ಲಿಗೆ ತಕ್ಕಂತೆ ಬದಲಿಸಿ, ಕಾಲಗಣನೆಯನ್ನು ಬಂದಲ್ಲಿಂದ ಉಳಿಸಿಕೊಳ್ಳುವ ಈ ಮನೆಗಳ ಪದ್ಧತಿಯಲ್ಲಿ ದೊಡ್ಡ ವಿವೇಕವಿದೆ. ಗಣಕದಲ್ಲಿ ಲೊಕೇಲ್ ಎಂದು ಕರೆಯುವ ಹೊಂದಾಣಿಕೆಯು ಕೇಳುವುದು ಇದನ್ನೇ: ಯಾವ ದೇಶ, ಯಾವ ಕಾಲ, ಯಾವ ನುಡಿ.

ಭೇದವೊಂದು ಉಳಿಯುತ್ತದೆ, ಮತ್ತು ಈ ಚರ್ಚೆಯ ತಿರುಳು ಅಲ್ಲಿದೆ. ಸಂಕಲ್ಪವನ್ನು ಪ್ರತಿ ಸಲವೂ ಹೊಸದಾಗಿ ಹೇಳಬೇಕು. ಕಡತದಲ್ಲಿ ಬರೆದ ಹೊಂದಾಣಿಕೆಯು ಒಮ್ಮೆ ಬರೆದರೆ ಮುಗಿಯಿತು, ಬರೆದವರು ಮರೆತರೂ, ಇಲ್ಲವಾದರೂ, ಅದು ಬೆಳಗ್ಗೆ ಬೆಳಗ್ಗೆ ತಾನಾಗಿ ನಡೆಯುತ್ತದೆ. ಒಮ್ಮೆ ಮಾಡಿದ ಇಚ್ಛೆಯು ಮುಂದಿನ ಎಲ್ಲ ದಿನಗಳಿಗೂ ಸಾಕೇ ಎಂಬ ಪ್ರಶ್ನೆಯನ್ನು ಇಸ್ಲಾಮಿನ ಧರ್ಮಶಾಸ್ತ್ರಜ್ಞರು ರಂಜಾನಿನ ಉಪವಾಸದ ವಿಷಯದಲ್ಲಿ ಬಹಳ ನಿಖರವಾಗಿ ಚರ್ಚಿಸಿದ್ದಾರೆ. ನಿಯತ್ತು, ಅಂದರೆ ಮನಸ್ಸಿನಲ್ಲಿ ಮಾಡುವ ಉದ್ದೇಶ, ಇಲ್ಲದೆ ಉಪವಾಸವು ಬರಿಯ ಹಸಿವಾಗುತ್ತದೆ. ಆದರೆ ಆ ನಿಯತ್ತು ತಿಂಗಳ ಆರಂಭದಲ್ಲಿ ಒಮ್ಮೆ ಮಾಡಿದರೆ ಸಾಕೆಂಬುದು ಮಾಲಿಕಿ ಪಂಥದ ನಿಲುವಾದರೆ, ಒಂದೊಂದು ದಿನದ ಉಪವಾಸಕ್ಕೂ ಅದು ಬೇರೆಯಾಗಿ ಬೇಕೆಂಬುದು ಭಟ್ಕಳದ ನವಾಯತರು ಅನುಸರಿಸುವ ಶಾಫಿ ಪಂಥದ ನಿಲುವೂ, ದೆಹಲಿಯ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಪಂಥದ ನಿಲುವೂ ಆಗಿದೆ. ಎರಡೂ ಕಡೆ ಯುಕ್ತಿಯಿದೆ. ತಿಂಗಳಿಡೀ ಒಂದೇ ಆರಾಧನೆ ಎಂದು ಕಂಡವರಿಗೆ ಒಂದು ಉದ್ದೇಶ ಸಾಕು. ರಾತ್ರಿಯಿಂದ ರಾತ್ರಿಗೆ ಮನುಷ್ಯನು ಬದಲಾಗಬಲ್ಲನು ಎಂದು ಕಂಡವರಿಗೆ ಸಾಲದು. ಇಷ್ಟಲಿಂಗವನ್ನು ಸದಾ ಮೈಮೇಲೆ ಧರಿಸಿದ್ದರೂ ದಿನವೂ ಅಂಗೈಗೆ ತೆಗೆದುಕೊಂಡು ಪೂಜಿಸುವ ಶರಣರ ಆಚಾರದಲ್ಲಿ ಈ ಎರಡೂ ಸೇರಿವೆ: ಧರಿಸಿದ್ದು ಒಮ್ಮೆ ಆದ ದೀಕ್ಷೆ, ಅಂಗೈಗೆ ತರುವುದು ಅದರ ನಿತ್ಯದ ನವೀಕರಣ.

ಕೇಶಿರಾಜನಿಗೆ ಇಲ್ಲಿ ಮತ್ತೊಮ್ಮೆ ಮರಳಬೇಕಾಗುತ್ತದೆ. ಜೈನನಾದ ಅವನಿಗೆ ಶಬ್ದವು ದ್ರವ್ಯ, ಹೊರಗೆ ಇರುವ ಪುದ್ಗಲ, ಅಂದರೆ ಜಡವಸ್ತು. ಅದಕ್ಕೆ ಬಿಳಿಯ ಬಣ್ಣವನ್ನೂ ಅವನು ಹೇಳುತ್ತಾನೆ. ಆದರೆ ಆ ಜಡವು ಹುಟ್ಟುವುದು ಜೀವನ ಇಷ್ಟದಿಂದ ಮತ್ತು ಅದಕ್ಕೆ ಅನುಕೂಲವಾದ ಗಾಳಿಯಿಂದ, ನಾಭಿಯ ಮೂಲದಲ್ಲಿ, ಕಹಳೆಯ ರೀತಿಯಲ್ಲಿ. ಅಕ್ಷರದ ಶಾಸ್ತ್ರವನ್ನು ಬರೆಯಹೊರಟ ಕನ್ನಡಿಗನು ಅಕ್ಷರಕ್ಕಿಂತ ಮೊದಲು ಜೀವನ ಇಷ್ಟವನ್ನು ಇಟ್ಟನು ಎಂಬುದನ್ನು ಸಣ್ಣ ಸಂಗತಿಯೆಂದು ಬಿಡಬಾರದು. ಯಂತ್ರದ ಕೋಷ್ಟಕವು ಜಡವಾದರೂ ಅದರ ಮೊದಲ ಸಾಲಿನಲ್ಲಿ ಯಾವ ನುಡಿಯ ಹೆಸರಿದೆ ಎಂಬುದು ಯಾರದೋ ಇಷ್ಟದ ಗುರುತು. ಅದು ಆ ಮನೆಯವರದೇ ಆಗಿರಬೇಕು.

ಇಷ್ಟವೆಂದರೆ ನುಡಿಯ ಆಯ್ಕೆ ಮಾತ್ರವಲ್ಲ. 1984ರ ಐಬಿಎಂ ಎಟಿ ಯಂತ್ರದಿಂದ ಈಚೆಗೆ, ಒತ್ತಿ ಹಿಡಿದ ಕೀಲಿಯು ಎಷ್ಟು ಹೊತ್ತಿನ ಬಳಿಕ ಮತ್ತೆ ಮತ್ತೆ ಅಕ್ಷರವನ್ನು ಬರೆಯತೊಡಗಬೇಕು ಎಂಬುದನ್ನು ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ನಾಲ್ಕು ಹಂತಗಳಲ್ಲಿ ನಿಗದಿ ಮಾಡಬಹುದು. ಕೈ ನಡುಗುವ ಅಜ್ಜನಿಗೆ ಕಾಲು ಸೆಕೆಂಡು ಬಹಳ ಕಡಿಮೆ. ಒಂದು ಕ ಬೇಕಾದಲ್ಲಿ ಐದು ಬಂದು ನಿಲ್ಲುತ್ತವೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರದಲ್ಲಿ ಅಂಗವಿಕಲರಿಗಾಗಿ ನಡೆದ ಕೆಲಸದಿಂದ, ಕ್ಷಣಮಾತ್ರದ ತಾಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿರುವ, ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಲಾರದವರಿಗೆ ಒಂದಾದ ಮೇಲೊಂದು ಒತ್ತಲು ಬಿಡುವ ಸೌಲಭ್ಯಗಳು ಬಂದು, ವಿಂಡೋಸ್ 95ರಿಂದ ಎಲ್ಲರ ಯಂತ್ರದಲ್ಲಿಯೂ ಸೇರಿದವು. ಧರ್ಮಶಾಸ್ತ್ರವು ಅಧಿಕಾರಭೇದ ಎಂದು ಕರೆಯುವುದು, ಅಂದರೆ ಮಾಡುವವನ ಶಕ್ತಿಯನ್ನು ನೋಡಿ ವಿಧಿಯನ್ನು ಹೇಳುವುದು, ಇಲ್ಲಿ ಅದರ ಅತ್ಯಂತ ಕರುಣೆಯ ರೂಪದಲ್ಲಿದೆ, ಮತ್ತು ಯಂತ್ರ ಏಳುವ ಹೊತ್ತಿಗೇ ಈ ಕರುಣೆಯು ಸಿದ್ಧವಾಗಿರಬೇಕು. ಗುಪ್ತಪದವನ್ನೇ ಒತ್ತಲಾಗದವರಿಗೆ ಒಳಗೆ ಇಟ್ಟ ಸೌಲಭ್ಯದಿಂದ ಪ್ರಯೋಜನವಿಲ್ಲ.

ದೆಹಲಿ ಕರ್ನಾಟಕ ಸಂಘವು 1948ರಿಂದ ಈ ನಗರದಲ್ಲಿದೆ. ಅದರ ಆರಂಭದ ತಲೆಮಾರಿನವರು ಕೈಯಲ್ಲಿ ಬರೆದ ಕನ್ನಡದ ಕಾಗದಗಳಿಂದ ಊರಿನ ನಂಟನ್ನು ಉಳಿಸಿಕೊಂಡರು. ಇಂದಿನ ಮನೆಗಳಲ್ಲಿ ಆ ಕಾಗದದ ಜಾಗದಲ್ಲಿ ಕೀಲಿಮಣೆಯಿದೆ, ಮತ್ತು ಇಂಗ್ಲಿಷಿನಲ್ಲಿಯೇ ಎಚ್ಚರಗೊಳ್ಳುವ ಕೀಲಿಮಣೆಯು ಕನ್ನಡವನ್ನು ಪ್ರತಿ ಸಲವೂ ಹುಡುಕಿ ಕರೆಯಬೇಕಾದ ಅತಿಥಿಯನ್ನಾಗಿ ಮಾಡುತ್ತದೆ. ಇನ್‌ಸ್ಕ್ರಿಪ್ಟೋ ರಾಯರ ವಿನ್ಯಾಸವೋ ಎಂಬುದನ್ನು ಮನೆಯ ಕೈಗಳೇ ತೀರ್ಮಾನಿಸಲಿ. ಹಿಂದಿಯನ್ನೂ ಬರೆಯಬೇಕಾದ ಮಕ್ಕಳಿಗೆ ಇನ್‌ಸ್ಕ್ರಿಪ್ಟ್, ನುಡಿಯಲ್ಲಿ ಪಳಗಿದ ಹಿರಿಯರಿಗೆ ರಾಯರದು ಎಂದು ಎರಡು ಖಾತೆಗಳನ್ನು ಮಾಡಿದರೂ ಸರಿಯೇ. ಲಾಗಿನ್ ಪರದೆಯಲ್ಲಿ ಗುಪ್ತಪದವನ್ನು ಇಟ್ಟ ವಿನ್ಯಾಸವೇ ಇರಲಿ, ಒಳಗೆ ಬಂದೊಡನೆ ಕನ್ನಡ ಮೊದಲಿರಲಿ. ಮುಂದಿನ ಯುಗಾದಿಯ ಬೆಳಗ್ಗೆ, ಹೊಸ ಸಂವತ್ಸರದ ಹೆಸರನ್ನೂ ಯಮುನೆಯ ದಡವನ್ನೂ ಹೇಳಿ ಸಂಕಲ್ಪ ಮಾಡಿದ ಮೇಲೆ, ದೆಹಲಿ, ನೋಯ್ಡಾ, ಗುರುಗ್ರಾಮಗಳ ಕನ್ನಡ ಮನೆಯವರು ಆ ಪುಟ್ಟ ಕಡತವನ್ನೂ ಒಮ್ಮೆ ತೆರೆದು, ಮೊದಲ ಸಾಲಿನಲ್ಲಿ ಏನಿದೆ ಎಂದು ಮಕ್ಕಳೊಡನೆ ಕುಳಿತು ನೋಡಬೇಕು.